ಮೂರರ ನಂತರ ಐದು

ಆ ಗೆಸ್ಟ್‌ಹೌಸಿನಲ್ಲಿ ಇದ್ದದ್ದು ಆರೇ ಕೋಣೆ. ಆದರೆ ಬಾಗಿಲುಗಳ ಮೇಲಿನ ನಂಬರು ಏಳರವರೆಗೂ ಹೋಗುತ್ತಿತ್ತು. ಮೂರರ ನಂತರ ಐದು. ಯಾರಾದರೂ ಕೇಳಿದರೆ ಯಜಮಾನ, "ನಾಲ್ಕು ನಮಗೆ ಆಗಿಬರಲ್ಲ ಸಾರ್. ಬಾಗ್ಲು ಎಣಿಸೋದು ಬಿಡಿ, ಬೆಟ್ಟ ನೋಡಿ" ಎಂದು ನಗುತ್ತಿದ್ದ. ಬಂದವರೂ ನಕ್ಕು ಸುಮ್ಮನಾಗುತ್ತಿದ್ದರು. ಪರದೆ ಸರಿಸಿದರೆ ಎದುರಿಗೇ ಹಿಮದ ಶಿಖರ. ಅದರ ಮುಂದೆ ಬಾಗಿಲಿನ ನಂಬರು ಯಾರಿಗೆ ಬೇಕು?

ಯಜಮಾನ ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಕೆಲಸ ಬಿಟ್ಟು ಹತ್ತು ವರ್ಷವಾದರೂ ಊರಿಗೆ ಅವನು ಕಂಡಕ್ಟರೇ, ಅವನ ಹೆಂಡತಿ ಕಂಡಕ್ಟರಮ್ಮ. ಮೇಲಿನ ರಸ್ತೆಯಿಂದ ಮನೆಗೆ ನಲವತ್ತು ಮೆಟ್ಟಿಲು ಇಳಿಯಬೇಕು. ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತ ಇಳಿಯುವವರನ್ನು ಅವನು ಕೆಳಗೆ ನಿಂತು, "ಬನ್ನಿ ಬನ್ನಿ, ಒಳಗೆ ಜಾಗ ಇದೆ, ಬಾಗ್ಲಲ್ಲಿ ನಿಲ್ಬೇಡಿ" ಎಂದು ಕರೆಯುತ್ತಿದ್ದ. ಮಾತೆಲ್ಲ ಅವನ ಪಾಲು. ಹಾಸಿಗೆ, ಬಚ್ಚಲು, ಅಡುಗೆ, ಒಗೆತ ಕಂಡಕ್ಟರಮ್ಮನ ಪಾಲು. ಮಕ್ಕಳಿರಲಿಲ್ಲ. ಇಬ್ಬರಿಗೂ ಆ ಮನೆಯೇ ಮಗು, ಆ ಮನೆಯೇ ಸಂಸಾರ.

ಸೀಸನ್ ಮುಗಿದು ಮಂಜು ಬೀಳತೊಡಗಿದ ಒಂದು ಮಧ್ಯಾಹ್ನ, ಕೈಯಲ್ಲಿ ಒಂದೇ ಒಂದು ಬ್ಯಾಗು ಹಿಡಿದು ಹೆಂಗಸೊಬ್ಬಳು ಮೆಟ್ಟಿಲು ಇಳಿದು ಬಂದಳು. ಮೂವತ್ತರ ಆಚೀಚೆ ವಯಸ್ಸು. ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದಳು. ಕಂಡಕ್ಟರ್ ರಿಜಿಸ್ಟರ್ ತೆರೆದು ಅವಳ ಮುಂದಿಟ್ಟ.

"ನಾಲ್ಕನೇ ರೂಮು ಕೊಡಿ" ಎಂದಳು.

"ನಾಲ್ಕು ಅಂತ ನಮ್ಮಲ್ಲಿ ಇಲ್ವಲ್ಲಮ್ಮ."

"ಇತ್ತು. ಎರಡು ವರ್ಷದ ಹಿಂದೆ ನಾನೂ ನಮ್ಮನೆಯವ್ರೂ ಅದ್ರಲ್ಲೇ ಇದ್ವಿ. ಅವ್ರು ಅಲ್ಲೇ ತೀರ್ಕೊಂಡ್ರು."

ಕಂಡಕ್ಟರನ ನಗು ಮುಖದ ಮೇಲೆ ಹಾಗೇ ಒಣಗಿತು. ಅಡುಗೆಮನೆಯ ಬಾಗಿಲಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಕಂಡಕ್ಟರಮ್ಮ ತಲೆಯೆತ್ತಿದಳು. ಕೂದಲು ಹೋಗಿದ್ದರೂ ಮುಖ ಅದೇ. ಟೀಚರ್. ಅವತ್ತು ಅವಳ ಗಂಡ ಅವಳನ್ನು ತಮಾಷೆಗೆ 'ಟೀಚರ್, ಟೀಚರ್' ಎಂದೇ ಕರೆಯುತ್ತಿದ್ದ. ಶಾಲೆಯಲ್ಲಿ ಲೆಕ್ಕ ಕಲಿಸುವವಳು ಎಂದಿದ್ದ. ಹಾಗಾಗಿ ಕಂಡಕ್ಟರಮ್ಮನ ಮನಸ್ಸಿನಲ್ಲಿ ಅವಳು ಎರಡು ವರ್ಷದಿಂದ ಟೀಚರ್ ಆಗಿಯೇ ಉಳಿದಿದ್ದಳು.

ಆ ಎರಡು ವರ್ಷ ಕಂಡಕ್ಟರಮ್ಮ ದಿನಾ ನೆನೆಸಿಕೊಂಡದ್ದು ಇಷ್ಟು. ಆ ಚಳಿಗಾಲದಲ್ಲಿ ನಾಲ್ಕನೇ ಕೋಣೆಯ ಬಚ್ಚಲಿನ ಬಗ್ಗೆ ಬಂದವರೆಲ್ಲ ಗೊಣಗುತ್ತಿದ್ದರು. ಗ್ಯಾಸ್ ಗೀಸರಿನಿಂದ ನೀರೇನೋ ಕುದಿಯುವಷ್ಟು ಬಿಸಿ ಬರುತ್ತಿತ್ತು, ಆದರೆ ಮೇಲಿನ ಬೆಳಕಿಂಡಿಯಿಂದ ಹಿಮದ ಗಾಳಿ ಚೂರಿಯ ಹಾಗೆ ಒಳಗೆ ನುಗ್ಗುತ್ತಿತ್ತು. ಒಂದು ದಿನ ಅವಳು ಹಳೆಯ ಕಂದು ಕಂಬಳಿಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ, ಏಣಿ ಹತ್ತಿ, ಕಿಂಡಿಗೆ ತುರುಕಿದಳು. ಸಂದಿ ಉಳಿಯದ ಹಾಗೆ ಚಾಕುವಿನ ಹಿಡಿಯಿಂದ ಒತ್ತಿದಳು. ಅಚ್ಚುಕಟ್ಟಾದ ಕೆಲಸ ಎಂದು ಅವಳಿಗೇ ಸಮಾಧಾನವಾಗಿತ್ತು. ಅವತ್ತೇ ಸಂಜೆ ಟೀಚರೂ ಅವಳ ಗಂಡನೂ ಬಂದರು. ಮದುವೆಯಾಗಿ ಎಂಟು ತಿಂಗಳಾಗಿತ್ತು.

ಮರುದಿನ ಬೆಳಗ್ಗೆ ಹತ್ತಕ್ಕೆ ಅವನು ಸ್ನಾನಕ್ಕೆ ಹೋದ. ಹೊರಗೆ ಬರಲಿಲ್ಲ. ಅವಳು ಬಾಗಿಲು ತಳ್ಳಿ ಒಳಗೆ ಹೋಗಿ, ಅವನನ್ನು ಎಳೆಯಲು ಹೋಗಿ, ಹೊಸ್ತಿಲ ಮೇಲೆ ಬಿದ್ದಳು. ಅರ್ಧ ದೇಹ ಹೊರಗಿದ್ದದ್ದರಿಂದ ಅವಳು ಬದುಕಿದಳು. ಗಾಳಿಯಾಡದ ಬಚ್ಚಲಲ್ಲಿ ಗೀಸರಿನ ವಿಷಗಾಳಿ ಕಟ್ಟಿಕೊಂಡದ್ದೇ ಸಾವಿಗೆ ಕಾರಣ ಎಂದು ಆಮೇಲೆ ಡಾಕ್ಟರು ಬರೆದರು.

ಟೀಚರನ್ನು ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸುತ್ತಿದ್ದಾಗ ಕಂಡಕ್ಟರಮ್ಮ ಅವಳ ಚಪ್ಪಲಿ ತರಲು ಕೋಣೆಗೆ ಓಡಿಬಂದಳು. ಬಚ್ಚಲಲ್ಲಿ ಕಂಡಕ್ಟರ್ ಇದ್ದ. ಅವನ ಕಂಕುಳಲ್ಲಿ ಆ ಕಂದು ಕಂಬಳಿಯ ತುಂಡಿತ್ತು. ಏಣಿಯ ಮೇಲೆ ನಿಂತು ಕೈ ಚಾಚಿ, ಟೀಚರ ಹಸಿರು ಶಾಲನ್ನು ಅವನು ಕಿಂಡಿಯೊಳಗೆ ತುರುಕುತ್ತಿದ್ದ. ಹೆಂಡತಿಯನ್ನು ನೋಡಿದ. ನೋಡುತ್ತಲೇ ಶಾಲನ್ನು ಇನ್ನಷ್ಟು ಒಳಗೆ ಒತ್ತಿದ. ಅವಳು ಏನೂ ಕೇಳದೆ ಚಪ್ಪಲಿ ಎತ್ತಿಕೊಂಡು ಮೇಲೆ ಹೋದಳು.

ಪೊಲೀಸರು ಬಂದಾಗ ಕಿಂಡಿಯಲ್ಲಿ ಸಿಕ್ಕಿದ್ದು ಶಾಲು. "ಗೆಸ್ಟೇ ಮುಚ್ಕೊಂಡಿದ್ದಾರೆ ಸಾರ್. ಚಳಿ ನೋಡಿ" ಎಂದ ಕಂಡಕ್ಟರ್. ಕಾಗದದ ಮೇಲೆ ಹಾಗೇ ಬರೆದುಕೊಂಡು ಹೋದರು.

ಈಗ ಆ ಟೀಚರ್ ಐದನೇ ನಂಬರಿನ, ಅಂದರೆ ಹಳೆಯ ನಾಲ್ಕನೆಯ, ಕೋಣೆಯಲ್ಲಿ ಮಂಚದ ಅಂಚಿಗೆ ಕೂತಿದ್ದಳು. ಕೆಳಗೆ ಅಡುಗೆಮನೆಯಲ್ಲಿ ಕಂಡಕ್ಟರ್ ದನಿ ತಗ್ಗಿಸಿ ಹೆಂಡತಿಗೆ ಹೇಳಿದ: "ಎರಡು ದಿನ ಇರ್ತಾಳೆ, ಅತ್ಕೊಂಡು ಹೋಗ್ತಾಳೆ. ಊಟ ಕೊಡು, ಬಿಸಿನೀರು ಕೊಡು. ಬಾಯಿಗೆ ಮಾತ್ರ ಬೀಗ ಹಾಕ್ಕೊಂಡಿರು."

"ಯಾಕೆ ಬಂದಿದ್ದಾಳೆ ಅಂತ ಕೇಳಿದ್ರಾ?"

"ಕೇಳೋದೇನಿದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ನೀನು. ಅವಳ ಎದುರಿಗೆ ಜಾಸ್ತಿ ನಿಲ್ಬೇಡ."

ಆದರೆ ಚಹಾ ಒಯ್ಯಬೇಕಾದವಳು ಅವಳೇ. ಒಯ್ದಾಗ ಟೀಚರ್ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. 'ಚಹಾ ಕುಡಿದೆ, ಸಂಜೆ ಐದು' ಎಂದು ಬರೆದು ಆಮೇಲೆ ಲೋಟಕ್ಕೆ ಕೈ ಹಾಕಿದಳು.

"ಬರೀದಿದ್ರೆ ಮರ್ತು ಹೋಗುತ್ತಮ್ಮ. ಆ ಗಾಳಿ ತಲೆಗೆ ಏರಿದ್ಮೇಲೆ ಹೀಗೆ. ಕ್ಲಾಸಲ್ಲಿ ಬೋರ್ಡ್ ಮೇಲೆ ಅರ್ಧ ಲೆಕ್ಕ ಮಾಡಿ ನಿಂತುಬಿಡ್ತಿದ್ದೆ. ಮಕ್ಕಳೇ 'ಮಿಸ್, ಮುಂದೆ ಏಳು' ಅಂತ ಹೇಳ್ಕೊಡೋರು. ಪಾಪ, ಒಂದು ವರ್ಷ ಇಟ್ಕೊಂಡ್ರು. ಆಮೇಲೆ ಬೇಡ ಅಂದ್ರು. ಈಗ ಬಟ್ಟೆ ಅಂಗಡೀಲಿ ಗುಂಡಿ ಹಾಕ್ತೀನಿ. ಗುಂಡಿ ಎಲ್ಲಿ ಹಾಕ್ಬೇಕು ಅಂತ ಬಟ್ಟೆನೇ ಹೇಳುತ್ತೆ, ನೆನಪಿಟ್ಕೋಬೇಕಾಗಿಲ್ಲ."

ಹೇಳಿ ನಕ್ಕಳು. ಕಂಡಕ್ಟರಮ್ಮನಿಗೆ ನಗಲಾಗಲಿಲ್ಲ.

"ಇಲ್ಲಿಗೆ ಬಂದದ್ದು, ಅವತ್ತಿನ ಹಿಂದಿನ ದಿನ, ಅವತ್ತು, ಯಾವುದೂ ನೆನಪಿಲ್ಲ. ಯಾರೋ ಪುಟ ಹರಿದ ಹಾಗೆ. ನಾಲ್ಕನೇ ರೂಮು ಅನ್ನೋದೂ ಪೊಲೀಸ್ ಕಾಗದದಲ್ಲಿ ಓದಿದ್ದೇ. ಅವರ ಜೊತೆ ಕಡೇದಾಗಿ ಏನು ಮಾತಾಡ್ದೆ ಅನ್ನೋದೂ ಗೊತ್ತಿಲ್ಲ. ಶಾಲು ಮಾತ್ರ ಇದೆ. ಪೊಲೀಸಿನೋರು ವಾಪಸ್ ಕೊಟ್ರು. ನಮ್ಮತ್ತೆ ಅದನ್ನ ಮಡಿಸಿ ಅವರ ಫೋಟೋ ಪಕ್ಕ ಇಟ್ಟಿದ್ದಾರೆ."

"ಅತ್ತೆ ಜೊತೇಲೇ ಇದ್ದೀರಾ?"

"ಇನ್ನೆಲ್ಲಿಗೆ ಹೋಗ್ಲಿ? ಅಪ್ಪ ಅಮ್ಮ ಇಲ್ಲ. ಅತ್ತೆ ಕೆಟ್ಟೋರಲ್ಲಮ್ಮ. ಬೈಯಲ್ಲ. ತಟ್ಟೆಗೆ ಬಡಿಸ್ತಾರೆ, ಜ್ವರ ಬಂದ್ರೆ ಮಾತ್ರೆ ಕೊಡ್ತಾರೆ. ಆದ್ರೆ ಚಳೀಲಿ ನಾನು ಕಿಟಕಿ ಮುಚ್ಚೋಕೆ ಎದ್ರೆ, ಸುಮ್ನೆ ನನ್ನ ಕೈ ನೋಡ್ತಾರೆ. ಅಷ್ಟೇ. ನಾನು ವಾಪಸ್ ಬಂದು ಕೂತ್ಕೋತೀನಿ. ಎರಡು ಚಳಿಗಾಲ ಕಿಟಕಿ ತೆಗೆದೇ ಮಲಗಿದ್ದೀನಿ."

ಕಂಡಕ್ಟರಮ್ಮ ಖಾಲಿ ಲೋಟ ತೆಗೆದುಕೊಂಡು ಹೊರಗೆ ಬಂದು, ಮೆಟ್ಟಿಲ ಮೂಲೆಯಲ್ಲಿ ಗೋಡೆ ಹಿಡಿದು ನಿಂತಳು. ಅಳು ಬರಲಿಲ್ಲ. ಆಮೇಲೆ ಕೆಳಗೆ ಹೋಗಿ ಆ ಒಂದೇ ಲೋಟವನ್ನು ಮೂರು ಸಲ ತೊಳೆದಳು.

ಮರುದಿನ ಬೆಳಗ್ಗೆ ಬಚ್ಚಲಿಂದ ದಡಬಡ ಸದ್ದು ಕೇಳಿ ಗಂಡ ಹೆಂಡತಿ ಇಬ್ಬರೂ ಓಡಿದರು. ಟೀಚರ್ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ನಿಂತಿದ್ದಳು. ತುದಿಬೆರಳ ಮೇಲೆ ಎದ್ದು ಬೆಳಕಿಂಡಿಯತ್ತ ಕೈ ಚಾಚುತ್ತಿದ್ದಳು. ಗೇಣುದ್ದ ಇನ್ನೂ ಬೇಕಿತ್ತು. ಗೀಸರ್ ಈಗ ಕರೆಂಟಿನದು, ಕಿಂಡಿಗೆ ಹೊಸ ಜಾಲರಿ ಹಾಕಿತ್ತು, ಗೋಡೆಗೆ ಬಿಳಿ ಟೈಲ್ಸು. ಕಿಂಡಿಯ ಎತ್ತರ ಮಾತ್ರ ಅದೇ.

"ನಂಗೆ ಎಟುಕಲ್ಲ ನೋಡಿ" ಎಂದಳು, ಕೆಳಗಿಳಿಯದೆ. ದನಿಯಲ್ಲಿ ಉಸಿರು ಹೆಚ್ಚಿತ್ತು. "ಬಕೆಟ್ ಮೇಲೆ ನಿಂತ್ರೂ ಎಟುಕಲ್ಲ. ಅವತ್ತು ಇಲ್ಲಿ ಸ್ಟೂಲ್ ಇತ್ತಾ ಸಾರ್?"

ಕಂಡಕ್ಟರ್ ಒಂದು ಕ್ಷಣವೂ ತಡೆಯಲಿಲ್ಲ. "ಇತ್ತಮ್ಮ. ಮರದ್ದು. ಆಮೇಲೆ ಮುರಿದುಹೋಯ್ತು."

ಸ್ಟೂಲು ಎಂದೂ ಇರಲಿಲ್ಲ. ಕಂಡಕ್ಟರಮ್ಮ ಗಂಡನ ಮುಖ ನೋಡಿದಳು. ಟಿಕೆಟ್ ಹರಿದು ಕೊಟ್ಟಷ್ಟು ಸಲೀಸಾಗಿ ಸುಳ್ಳು ಬಂದಿತ್ತು.

ಟೀಚರ್ ಇಳಿದು ಬಕೆಟ್ಟಿನ ಮೇಲೇ ಕೂತಳು. ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುವ ಹಾಗೆ ಒಂದೊಂದೇ ಹೇಳಿದಳು. "ಸ್ಟೂಲ್ ಇದ್ರೆ ನಾನೇ ಇರ್ಬೇಕು. ಇಲ್ದಿದ್ರೆ ಅವ್ರು. ಅವ್ರು ಉದ್ದ ಇದ್ರು. ಆದ್ರೆ ಅವ್ರಿಗೆ ಚಳೀನೇ ಆಗ್ತಿರ್ಲಿಲ್ಲ, ನಂಗೇ ಆಗ್ತಿದ್ದದ್ದು. ಹಾಗಾದ್ರೆ ನಾನೇ ಹೇಳಿರ್ಬೇಕು, 'ರೀ, ಅದನ್ನೊಂದು ಮುಚ್ಚಿ' ಅಂತ. ಹೇಗೆ ನೋಡಿದ್ರೂ ನಾನೇ."

"ವಿಧಿ ಅಮ್ಮ. ಯಾರೇನು ಮಾಡೋಕಾಗುತ್ತೆ" ಎಂದ ಕಂಡಕ್ಟರ್. ಹೆಂಡತಿಯ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಬಂದ.

ಅವತ್ತು ಕಂಡಕ್ಟರಮ್ಮ ಯಾರೂ ಇಲ್ಲದ ಕೋಣೆಗಳ ಹಾಸಿಗೆಗಳನ್ನೂ ಕಿತ್ತು ಒಗೆಯಲು ಹಾಕಿದಳು. ಸೊಪ್ಪಿಗೆ ಎರಡು ಸಲ ಉಪ್ಪು ಹಾಕಿದಳು. ಗಂಡ ಉಂಡು, "ಸಮುದ್ರ ಹತ್ತಿರ ಬಂತಾ ಹೇಗೆ?" ಎಂದು ತಮಾಷೆ ಮಾಡಲು ನೋಡಿದ. ಅವಳು ತಟ್ಟೆ ಎತ್ತಿಕೊಂಡು ಹೋದಳು.

ಮೂರನೆಯ ದಿನ ಬಿಸಿಲು ಬಂತು. ತಾರಸಿಯ ಮೇಲೆ ಕಂಡಕ್ಟರಮ್ಮ ದೊಡ್ಡ ಬೆಡ್‌ಶೀಟುಗಳನ್ನು ಒಬ್ಬಳೇ ಹಿಂಡುತ್ತಿದ್ದುದನ್ನು ನೋಡಿ ಟೀಚರ್ ಮೇಲೆ ಬಂದಳು. "ಒಂದು ಕಡೆ ನಾನು ಹಿಡೀತೀನಿ ಕೊಡಿ" ಎಂದು ಅಂಚು ಹಿಡಿದಳು. ಇಬ್ಬರೂ ಎದುರುಬದುರು ನಿಂತು ತಿರುಚಿದರು. ನೀರು ಧಾರೆಯಾಗಿ ಸುರಿಯಿತು.

"ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಿ" ಎಂದಳು ಟೀಚರ್. "ಬಂದದ್ದಕ್ಕೆ ಒಂದು ವಿಷ್ಯ ಗಟ್ಟಿ ಆಯ್ತು. ನಾನೇ ಅಂತ ಖಾತ್ರಿ ಆದ್ರೆ ಅತ್ತೆ ಕಾಲು ಹಿಡಿದು ಒಂದ್ಸಲ ಸರಿಯಾಗಿ ಕ್ಷಮೆ ಕೇಳ್ಕೋಬಹುದು. ಇಷ್ಟು ದಿನ 'ಇದ್ರೂ ಇರ್ಬಹುದು' ಅಂತಲೇ ಇದ್ದೆ."

ಕಂಡಕ್ಟರಮ್ಮನ ಕೈ ನಿಂತಿತು.

"ಸ್ಟೂಲು ಇರ್ಲಿಲ್ಲ, ಮಗಳೇ."

"ಏನಂದ್ರಿ?"

"ಸ್ಟೂಲು ಇರ್ಲಿಲ್ಲ. ಶಾಲೂ ಇರ್ಲಿಲ್ಲ. ಕಿಂಡಿ ಮುಚ್ಚಿದ್ದು ನಾನು. ನೀವು ಬರೋಕೆ ಮುಂಚೆ, ಅವತ್ತು ಬೆಳಗ್ಗೆ. ಗಾಳಿ ಬರುತ್ತೆ ಅಂತ ಎಲ್ರೂ ಬೈತಿದ್ರು, ಕಂಬಳಿ ತುಂಡು ತುರುಕಿದೆ. ಜೀವ ಹೋಗುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ ತಾಯಿ, ನನ್ನಾಣೆ ಗೊತ್ತಿರ್ಲಿಲ್ಲ. ನಿಮ್ಮನ್ನ ಮೇಲೆ ಹೊತ್ಕೊಂಡು ಹೋದ್ಮೇಲೆ ನಮ್ಮನೆಯವ್ರು ಕಂಬಳಿ ಕಿತ್ತು ನಿಮ್ಮ ಶಾಲು ಹಾಕಿದ್ರು. ನಾನು ಕಣ್ಣಾರೆ ಕಂಡೆ."

ಟೀಚರ್ ಬೆಡ್‌ಶೀಟಿನ ಅಂಚು ಬಿಡಲಿಲ್ಲ. ಬಿಗಿಯಾಗಿ ತಿರುಚಿದ ಬಟ್ಟೆ ಇಬ್ಬರ ನಡುವೆ ಹಗ್ಗದ ಹಾಗೆ ನಡುಗುತ್ತಿತ್ತು.

"ಯಾವ ಬಣ್ಣ?"

"ಏನು?"

"ಕಂಬಳಿ. ಯಾವ ಬಣ್ಣ?"

"ಕಂದು. ಕೆಂಪು ದಾರದ ಅಂಚು. ಎಲ್ಲಾ ರೂಮಲ್ಲೂ ಅದೇ ಇರ್ತಿತ್ತು."

ಟೀಚರ್ ಬೆಡ್‌ಶೀಟನ್ನು ಮೆಲ್ಲಗೆ ಬುಟ್ಟಿಯೊಳಗೆ ಇಳಿಸಿದಳು. ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಕೆಳಗೆ ಹೋದಳು. ಕಂಡಕ್ಟರಮ್ಮ ಅವಳು ಹೊರಟೇಹೋದಳೇನೋ ಎಂದುಕೊಂಡಳು. ಆದರೆ ಅವಳು ನೋಟ್‌ಬುಕ್ಕು, ಪೆನ್ನು ಹಿಡಿದುಕೊಂಡು ವಾಪಸ್ ಬಂದಳು. ಓಡಿ ಬಂದಿದ್ದಳು.

"ಬರೆದುಕೊಡಿ. ಈಗಲೇ. ನಿಮ್ಮ ಕೈಯಲ್ಲೇ ಬರೀಬೇಕು. ನಾನು ಬರೆದ್ರೆ ನಾನೇ ನಂಬಲ್ಲ. ಮರ್ತುಬಿಟ್ರೆ ಮತ್ತೆ ನಾನೇ ಮಾಡ್ದೆ ಅನ್ಕೋತೀನಿ."

ಬುಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಂಡಕ್ಟರಮ್ಮ ಬರೆದಳು. ಅವಳ ಅಕ್ಷರ ದಪ್ಪ, ವಕ್ರ. ಅಂಗಡಿಯ ಚೀಟಿ ಬಿಟ್ಟರೆ ಬೇರೇನೂ ಬರೆದು ಅಭ್ಯಾಸವಿಲ್ಲ. ಅರ್ಧ ಪುಟ ತುಂಬುವಷ್ಟರಲ್ಲಿ ತಾರಸಿಯ ಬಾಗಿಲಲ್ಲಿ ಕಂಡಕ್ಟರ್ ನಿಂತಿದ್ದ.

"ಏನೇ ಅದು?"

ಅವಳು ತಲೆಯೆತ್ತಲಿಲ್ಲ. ಕೊನೆಯ ಸಾಲು ಮುಗಿಸಿ ಸಹಿ ಹಾಕಿ, ನೋಟ್‌ಬುಕ್ಕನ್ನು ಟೀಚರ ಕೈಗೆ ಕೊಟ್ಟಳು. ಅವನಿಗೆ ಎಲ್ಲ ಅರ್ಥವಾಯಿತು. ಕಿತ್ತುಕೊಳ್ಳುತ್ತಾನೆ ಎಂದು ಅವಳು ಹೆದರಿದ್ದಳು. ಅವನು ಹಾಗೆ ಮಾಡಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಕುಸಿದು ಕೂತ.

"ನಿನ್ನ ಉಳಿಸೋಕೆ ಕಣೇ ಮಾಡಿದ್ದು" ಎಂದ. "ಜೈಲಿಗೆ ಹೋಗ್ತಿದ್ದೋಳು ನೀನು. ನಂಗೆ ಇನ್ಯಾರಿದ್ದಾರೆ? ಸತ್ತೋರು ಸತ್ತಾಗಿತ್ತು. ಇವಳು ಉಳೀತಾಳೆ ಅಂತ ಯಾರಿಗೆ ಗೊತ್ತಿತ್ತು? ಇಬ್ರೂ ಹೋಗಿಬಿಟ್ರೆ ಯಾರ ಶಾಲಾದ್ರೇನು ಅನ್ಕೊಂಡೆ."

ಅವನು ಹೇಳಿದ್ದು ನಿಜವೇ ಆಗಿತ್ತು. ಅದಕ್ಕೇ ಕೇಳಲು ಅಷ್ಟು ಕೆಟ್ಟದಾಗಿತ್ತು.

ಟೀಚರ್ ಅವನ ಎದುರು ಹೋಗಿ ನಿಂತಳು. "ನನ್ನ ಶಾಲು ಎಲ್ಲಿತ್ತು ಸಾರ್?"

"ಕುರ್ಚಿ ಮೇಲೆ."

"ಅವ್ರು ಎಲ್ಲಿದ್ರು ಆಗ?"

ಅವನು ಮುಖವನ್ನು ಬಟ್ಟೆಯ ಬುಟ್ಟಿಯತ್ತ ತಿರುಗಿಸಿದ.

"ಬಚ್ಚಲಲ್ಲೇ ಇದ್ರು ಅಲ್ವಾ? ಕಿಂಡಿ ಇರೋದು ಆ ಕಡೆ ಗೋಡೇಲಿ. ಅವರನ್ನ ದಾಟ್ಕೊಂಡು ಹೋದ್ರಾ?"

ಇಪ್ಪತ್ತೆರಡು ವರ್ಷ ಸಾವಿರಾರು ಜನರಿಗೆ ಮಾತಲ್ಲೇ ಉತ್ತರ ಕೊಟ್ಟವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಮಧ್ಯಾಹ್ನದ ಬಸ್ಸಿಗೆ ಇಬ್ಬರು ಹೆಂಗಸರೂ ಹೊರಟರು. ಅತ್ತೆಯ ಮುಂದೆ ತಾನೇ ಬಾಯಿಬಿಟ್ಟು ಹೇಳುತ್ತೇನೆ ಎಂದು ಕಂಡಕ್ಟರಮ್ಮನೇ ಹಟ ಹಿಡಿದಿದ್ದಳು. ದಾರಿಯುದ್ದಕ್ಕೂ ಟೀಚರ್ ನೋಟ್‌ಬುಕ್ಕನ್ನು ತೆರೆದು ಓದುವುದು, ಮುಚ್ಚುವುದು, ಮತ್ತೆ ತೆರೆಯುವುದು ಮಾಡುತ್ತಿದ್ದಳು.

ಅತ್ತೆ ಸಣ್ಣ ದೇಹದ, ನೇರ ಬೆನ್ನಿನ ಹೆಂಗಸು. ಕೇಳುವಷ್ಟೂ ಹೊತ್ತು ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕೂತಿದ್ದಳು. ಕಂಡಕ್ಟರಮ್ಮ ಮುಗಿಸಿ, ನೆಲಕ್ಕೆ ಹಣೆಯಿಟ್ಟಳು.

"ಏಳು" ಎಂದಳು ಅತ್ತೆ. "ಕಂಬಳಿ ತುರುಕಿದ್ದು ಗೊತ್ತಿಲ್ದೆ. ಆಯ್ತು. ಆಮೇಲೆ ಎರಡು ವರ್ಷ ಸುಮ್ನಿದ್ದದ್ದು? ಅದೂ ಗೊತ್ತಿಲ್ದೇನಾ?"

ಕಂಡಕ್ಟರಮ್ಮ ನೆಲದಿಂದ ಹಣೆ ಎತ್ತಿದಳು, ಏಳಲಿಲ್ಲ.

"ಈ ಹುಡುಗಿನ ನಾನು ಎರಡು ವರ್ಷ ನೋಡಿದ ನೋಟ ಇದೆಯಲ್ಲ, ಅದನ್ನ ಯಾರು ವಾಪಸ್ ತಗೋತಾರೆ? ನೀನು ತಗೋತೀಯಾ? ಹೊರಡು ನನ್ನ ಮನೆಯಿಂದ."

ಸೊಸೆಯತ್ತ ಅವಳು ತಿರುಗಿಯೂ ನೋಡಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಂಡಕ್ಟರಮ್ಮ ಅಲ್ಲಿಂದ ಬೆಟ್ಟಕ್ಕೆ ವಾಪಸ್ ಬಂದವಳು ಮನೆಗಿಂತ ಮೊದಲು ಠಾಣೆಗೆ ಹೋದಳು. ಹಳೆಯ ಸಾಹೇಬರು ವರ್ಗವಾಗಿದ್ದರು. ಹೊಸಬರು, "ಏನಮ್ಮಾ, ಮುಚ್ಚಿದ ಫೈಲು ನೀವೇ ತೆಗೆಸ್ತೀರಾ? ಯೋಚನೆ ಮಾಡಿ. ಮನೆಗೆ ಹೋಗಿ, ನೀರು ಕುಡಿದು, ಮಲ್ಕೊಂಡು ನಾಳೆ ಬನ್ನಿ" ಎಂದರು. ಅವಳು ಬೆಂಚಿನಿಂದ ಏಳಲಿಲ್ಲ. ಕೊನೆಗೆ ಬರೆದುಕೊಂಡರು.

ಒಂದು ವಾರದಲ್ಲಿ ಗೆಸ್ಟ್‌ಹೌಸಿಗೆ ಸೀಲು ಬಿತ್ತು. ಇಬ್ಬರ ಮೇಲೂ ಕೇಸಾಯಿತು. ಜಾಮೀನು ಸಿಕ್ಕ ಮೇಲೆ ಅವರು ಪೇಟೆಯ ಹಿಂದೆ ಒಂದು ಕೋಣೆಯಲ್ಲಿ ಉಳಿದುಕೊಂಡರು. ಕಂಡಕ್ಟರ್ ಒಂದು ದಿನವೂ ಅವಳಿಗೆ ಬೈಯಲಿಲ್ಲ. ಅದರ ಬದಲು ಮಾತೇ ಬಿಟ್ಟ. ಉಪ್ಪು ಬೇಕಾದರೆ ಕೈ ಚಾಚುತ್ತಿದ್ದ, ಅವಳು ಕೊಡುತ್ತಿದ್ದಳು. ಊರಿನವರು ಎದುರು ಸಿಕ್ಕರೆ ಕಂಡೂ ಕಾಣದ ಹಾಗೆ ದಾಟುತ್ತಿದ್ದರು. "ಗಂಡನನ್ನೇ ಹಿಡಿದುಕೊಟ್ಟವಳು" ಎಂದು ನಲ್ಲಿಯ ಹತ್ತಿರ ಯಾರೋ ಅಂದದ್ದು ಅವಳ ಕಿವಿಗೂ ಬಿತ್ತು. ಅವಳು ಬೇರೆ ಗೆಸ್ಟ್‌ಹೌಸುಗಳ ಬಟ್ಟೆ ಒಗೆದು ದಿನ ದೂಡಿದಳು. ಎಲ್ಲಿಗೆ ಹೋದರೂ ಮೊದಲು ಬಚ್ಚಲಿನ ಗೋಡೆಯತ್ತ ಕತ್ತೆತ್ತಿ ನೋಡುತ್ತಿದ್ದಳು. ಒಂದು ಕಡೆ ಕಿಂಡಿಗೆ ರಟ್ಟು ಅಂಟಿಸಿದ್ದರು. ಅದನ್ನು ಅವಳು ಹರಿದುಹಾಕಿದ್ದಕ್ಕೆ ಆ ಮನೆಯವರು ನಾಳೆಯಿಂದ ಬರಬೇಡ ಎಂದರು.

ಕೋರ್ಟಿನಲ್ಲಿ ಟೀಚರನ್ನು ಕಂಡದ್ದು ಏಳು ತಿಂಗಳ ಮೇಲೆ. ಹೊರಗಿನ ಉದ್ದ ಪಡಸಾಲೆಯಲ್ಲಿ ಅವಳು ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಕೂದಲು ಕತ್ತಿನವರೆಗೆ ಬೆಳೆದಿತ್ತು. ಕಂಡಕ್ಟರ್ ದೂರದಲ್ಲಿ ಕಂಬಕ್ಕೆ ಒರಗಿ ಬೆನ್ನು ಹಾಕಿ ನಿಂತ. ಕಂಡಕ್ಟರಮ್ಮ ಹೋಗಿ ಬೆಂಚಿನ ತುದಿಗೆ ಕೂತಳು.

"ಅತ್ತೆ ಬರ್ಲಿಲ್ವಾ?"

"ಇಲ್ಲ. ನಾನೀಗ ಅಲ್ಲಿಲ್ಲ. ಹಾಸ್ಟೆಲ್‌ನಲ್ಲಿದ್ದೀನಿ." ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು ಹೇಳಿದಳು: "ಅವತ್ತಿಂದ ಅತ್ತೆ ನನ್ನ ಮುಖಾನೇ ನೋಡ್ತಿರ್ಲಿಲ್ಲ. ಮೊದಲು ಕೋಪ ಇತ್ತು, ಆದ್ರೂ ಮಾತಾಡೋರು. ಆಮೇಲೆ ಅದೂ ಇಲ್ಲ. ನಾಚಿಕೆಯೋ ಏನೋ. ಒಂದಿನ ನಾನೇ ಬ್ಯಾಗ್ ತುಂಬ್ಕೊಂಡೆ. ಬೇಡ ಅನ್ಲಿಲ್ಲ."

"ನಾನು ಹೇಳ್ದೆ ಇದ್ದಿದ್ರೆ..."

"ಹಾಗನ್ಬೇಡಿ."

ಒಳಗೆ ಯಾವುದೋ ಬೇರೆ ಕೇಸಿನವರನ್ನು ಕೂಗಿದರು. ಜನ ಎದ್ದು ಹೋದರು. ಕಂಡಕ್ಟರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಏಳು ತಿಂಗಳಿಂದ ಒಳಗೆ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟಳು. "ನನ್ನ ಕ್ಷಮಿಸೋಕಾಗುತ್ತಾ, ಮಗಳೇ?"

ಟೀಚರ್ ತುಂಬ ಹೊತ್ತು ಯೋಚಿಸಿದಳು. ಒಳ್ಳೆಯ ಮಾತು ಹುಡುಕುತ್ತಿದ್ದ ಹಾಗಿರಲಿಲ್ಲ. ನಿಜವಾಗಿಯೂ ಒಳಗೆ ಇಳಿದು ನೋಡಿಕೊಳ್ಳುತ್ತಿದ್ದ ಹಾಗಿತ್ತು.

"ಗೊತ್ತಿಲ್ಲಮ್ಮ. ಒಂದೊಂದು ದಿನ ನಿಮ್ಮ ಅಕ್ಷರ ನೋಡಿದ್ರೆ ಸಿಟ್ಟು ಬರುತ್ತೆ, ಹರಿದುಹಾಕೋಣ ಅನ್ಸುತ್ತೆ. ಹರೀಲಿಲ್ಲ. ಆದ್ರೆ ರಾತ್ರಿ ನಿದ್ದೆ ಬರ್ತಿದೆ ಈಗ."

ಬಾಗಿಲಲ್ಲಿ ಜವಾನ ಅವರ ಕೇಸಿನ ನಂಬರು ಕೂಗಿದ. ಕಂಡಕ್ಟರ್ ಕಂಬದಿಂದ ಬೆನ್ನು ತೆಗೆದು, ಇವರಿಬ್ಬರತ್ತ ನೋಡದೆ ಮೊದಲು ಒಳಗೆ ಹೋದ. ಅವನ ಹಿಂದೆ ಕಂಡಕ್ಟರಮ್ಮ, ಅವಳ ಹಿಂದೆ ಟೀಚರ್.